ಅಟ್ಟದ ಸೆಕೆಗೆ ಎರಡು ತೂತು

ಮನೆಯೊಳಗೆ ಅತಿ ಹೆಚ್ಚು ಸೆಕೆ ಇರುವುದು ಅಟ್ಟದಲ್ಲಿ. ಅಲ್ಲಿ ಯಾರೂ ವಾಸ ಮಾಡುವುದಿಲ್ಲವಾದ್ದರಿಂದ ಅಲ್ಲಿಂದ ದೂರು ಬರುವುದಿಲ್ಲ. ದೂರು ಬರುವುದು ಅಟ್ಟದ ಕೆಳಗೆ ಮಲಗುವವರಿಂದ. ಅದೂ ಅಟ್ಟದ ಮೇಲಲ್ಲ, ಫ್ಯಾನಿನ ಮೇಲೆ. ಕರಾವಳಿ, ಮಲೆನಾಡುಗಳಲ್ಲಿ ಶಿವರಾತ್ರಿ ಕಳೆದು ಸೆಕೆ ಏರತೊಡಗಿದಂತೆ ಮೊದಲು ಫ್ಯಾನಿನ ಕಂಡೆನ್ಸರ್ ಬದಲಾಗುತ್ತದೆ, ಆಮೇಲೆ ಫ್ಯಾನೇ ಬದಲಾಗುತ್ತದೆ, ಆಮೇಲೆ ಕಂತಿನಲ್ಲಿ ಏಸಿ ಬರುತ್ತದೆ. ಏಣಿ ಇಟ್ಟು ಅಟ್ಟ ಹತ್ತಿ ನೋಡೋಣ ಎಂಬ ಯೋಚನೆ ಈ ನಡುವೆ ಯಾರಿಗೂ ಹೊಳೆಯುವುದಿಲ್ಲ. ಅಟ್ಟ ಹತ್ತುವುದು ಬಾಣಂತನಕ್ಕೆ ತೊಟ್ಟಿಲು ಬೇಕಾದಾಗ, ಇಲ್ಲವೇ ಸಮಾರಂಭಕ್ಕೆ ದೊಡ್ಡ ಕೊಪ್ಪರಿಗೆ ಬೇಕಾದಾಗ.

ಫ್ಯಾನಿನದೇನೂ ತಪ್ಪಿಲ್ಲ. ಅದು ಗಾಳಿಯನ್ನು ತಂಪು ಮಾಡುವ ಯಂತ್ರವೇ ಅಲ್ಲ. ಮೈಯ ಬೆವರು ಬೇಗ ಆರುವಂತೆ ಮಾಡುವುದಷ್ಟೇ ಅದರ ಕೆಲಸ. ಮೇಲಿನ ಮುಚ್ಚಿಗೆ ಕಾದಿದ್ದರೆ ಆ ಕಾವನ್ನೇ ಅದು ನಿಷ್ಠೆಯಿಂದ ಕೆಳಕ್ಕೆ ತಳ್ಳುತ್ತದೆ. ಅಪರಾಧಿಯನ್ನು ಹುಡುಕಬೇಕಾದ್ದು ಮುಚ್ಚಿಗೆಯ ಆಚೆ.

ಅಲ್ಲಿ ನಡೆಯುವುದು ಇಷ್ಟು. ಬೆಳಗ್ಗೆ ಒಂಬತ್ತಕ್ಕೆ ಮಾಡಿನ ಮೇಲೆ ಬೀಳಲು ಶುರುವಾದ ಬಿಸಿಲಿಗೆ ಸಂಜೆ ಐದರವರೆಗೆ ಬಿಡುವಿಲ್ಲ. ಹಂಚು ಕಾಯುತ್ತದೆ, ಕಬ್ಬಿಣದ ಶೀಟಾದರೆ ನಡು ಮಧ್ಯಾಹ್ನ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕಾದ ಮಾಡು ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ, ತನ್ನ ಕೆಳಗಿರುವ ಎಲ್ಲದರ ಮೇಲೂ ನೇರವಾಗಿ ಝಳ ಬೀರುತ್ತದೆ. ಝಳದ ಮಾತು ಆಮೇಲೆ ಬರುತ್ತದೆ, ಮೊದಲು ಗಾಳಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗುತ್ತದೆ, 50 ಡಿಗ್ರಿಯಲ್ಲಿ ಸುಮಾರು 1.09 ಕಿಲೋ. ವ್ಯತ್ಯಾಸ 70 ಗ್ರಾಂ. ಅಂಗಡಿಯವನು ತೂಕದಲ್ಲಿ ಹೊಡೆದರೂ ಗೊತ್ತಾಗದಷ್ಟು. ಆದರೆ ನೂರು ಘನ ಮೀಟರಿನ ಅಟ್ಟದಲ್ಲಿ ಅದು ಏಳು ಕಿಲೋ ಆಗುತ್ತದೆ. ಬಿಸಿಗಾಳಿಯನ್ನು ಮೇಲಕ್ಕೆತ್ತುವ ಬಲ ಬರುವುದು ಈ ಹಗುರತನದಿಂದ. ಅದಕ್ಕೆ ಕರೆಂಟು ಬೇಡ, ಹೊರಗೆ ಗಾಳಿ ಬೀಸುತ್ತಿರಬೇಕೆಂದೂ ಇಲ್ಲ. ಬೇಕಾದ್ದು ಎರಡು ದಾರಿ: ಬಿಸಿಗಾಳಿ ಹೊರಬೀಳಲು ಮಾಡಿನ ನೆತ್ತಿಯಲ್ಲೊಂದು, ಅದರ ಜಾಗಕ್ಕೆ ಹೊಸ ಗಾಳಿ ಬರಲು ಸೂರಿನಡಿಯಲ್ಲೊಂದು. ಹದಿನೈದು ಕಿಲೋ ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಎಣ್ಣೆ ಸುರಿಯಲು ಹೋದವರಿಗೆ ಇದನ್ನು ಇನ್ನಷ್ಟು ವಿವರಿಸಬೇಕಾಗಿಲ್ಲ.

ಹಳೆಯ ಹಂಚಿನ ಮನೆಗಳಿಗೆ ಈ ವಿದ್ಯೆ ಯಾರೂ ಕಲಿಸದೆ ಸಿದ್ಧಿಸಿತ್ತು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಹಬ್ಬಿದ ಮಂಗಳೂರು ಹಂಚು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಕೂರುತ್ತದೆ. ಮಳೆಯನ್ನು ತಡೆಯುತ್ತದೆ, ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಪ್ರತಿ ಸಂದಿಯೂ ಒಂದು ಸಣ್ಣ ಕಿಂಡಿ. ಚಳಿಗಾಲದ ಬೆಳಗ್ಗೆ ಒಲೆ ಹೊತ್ತಿಸಿದ ಅಡುಗೆಮನೆಯ ಮಾಡಿನಿಂದ ಹೊಗೆ ಚಿಮಣಿಯ ಹಂಗಿಲ್ಲದೆ ಹಂಚು ಹಂಚಿನ ನಡುವಿನಿಂದ ಏಳುವುದನ್ನು ದೂರದ ಗದ್ದೆಯಿಂದಲೇ ಕಾಣಬಹುದಿತ್ತು. ಹೊಗೆ ಹೊರಟ ದಾರಿಯಲ್ಲೇ ಸೆಕೆಯೂ ಹೊರಡುತ್ತಿತ್ತು. ಹೋಗುವ ಮುನ್ನ ಆ ಹೊಗೆ ಪಕಾಸು, ರೀಪುಗಳನ್ನು ಕಪ್ಪಾಗಿಸಿ ಹುಳ ಹತ್ತದಂತೆ ಕಾಯುತ್ತಿತ್ತು, ಅಟ್ಟದ ಅಡಿಕೆ ಒಣಗಿಸುತ್ತಿತ್ತು, ನೇತುಹಾಕಿದ ಸೌತೆಕಾಯಿಯನ್ನು ಮಳೆಗಾಲದವರೆಗೆ ಕೊಳೆಯದಂತೆ ಇಡುತ್ತಿತ್ತು. ಎಷ್ಟೋ ಮನೆಗಳಲ್ಲಿ ಮರದ ಮುಚ್ಚಿಗೆಯ ಮೇಲೆ ಮಣ್ಣು ಹಾಸುತ್ತಿದ್ದರು. ಹಂಚಿನ ಕಾವು ಅದನ್ನು ದಾಟಿ ಕೆಳಗಿಳಿಯುವ ಹೊತ್ತಿಗೆ ಹೊತ್ತು ಕಂತಿರುತ್ತಿತ್ತು. ಮಾಡಿನ ತ್ರಿಕೋನ ಗೋಡೆಯಲ್ಲಿ ಮರದ ಜಾಲರಿ ಇರುತ್ತಿತ್ತು. ಹಂಚಿಲ್ಲದ ಬಯಲುಸೀಮೆಯ ಮಾಳಿಗೆ ಮನೆಗಳಲ್ಲಿ ಇದೇ ಕೆಲಸವನ್ನು ಮಾಳಿಗೆಯ ಬೆಳಕಿಂಡಿ ಮಾಡುತ್ತಿತ್ತು. ಮಳೆ ಬಂದಾಗ ಓಡಿಹೋಗಿ ಅದನ್ನು ಮುಚ್ಚುವುದು ಮನೆಯ ಹುಡುಗರ ಪಾಲಿನ ಕೆಲಸ.

ಆಮೇಲೆ ತೂತುಗಳ ಮೇಲೆ ಯುದ್ಧ ಶುರುವಾಯಿತು. ಗ್ಯಾಸ್ ಬಂದ ಮೇಲೆ ಹೊಗೆಗೆ ದಾರಿ ಬೇಕಿರಲಿಲ್ಲ. ಹಂಚಿನ ಸಂದಿಯಿಂದ ಸಾರಿಗೆ ಧೂಳು ಬೀಳುತ್ತದೆಂದು ಕೆಳಗೆ ಟಾರ್ಪಾಲು ಕಟ್ಟಿದ್ದಾಯಿತು. ಬೆಕ್ಕು ಬರುತ್ತದೆಂದು ಜಾಲರಿಗೆ ಹಲಗೆ ಹೊಡೆದದ್ದಾಯಿತು. ಗೃಹಪ್ರವೇಶಕ್ಕೆ ಹೋದ ಮನೆಯಲ್ಲಿ ಕಂಡ ಜಿಪ್ಸಂ ಫಾಲ್ಸ್ ಸೀಲಿಂಗು ತಮ್ಮ ಮನೆಗೂ ಬಂತು, ಅದರ ಅಂಚಿಗೆ ನೀಲಿ ದೀಪದ ಪಟ್ಟಿಯೂ ಬಂತು. ಹಂಚಿಗೂ ಜಿಪ್ಸಂಗೂ ನಡುವೆ ಉಳಿದ ಜಾಗಕ್ಕೆ ಈಗ ಬಾಗಿಲಿಲ್ಲ, ಕಿಟಕಿಯಿಲ್ಲ. ಮನೆಯ ಸೌಂದರ್ಯ ಹೆಚ್ಚಿದೆ. ಕೆಳಗೆ ಕುಳಿತವರು ಅದನ್ನು ಬೆವರೊರೆಸಿಕೊಂಡು ನೋಡುತ್ತಾರೆ.

ತಾರಸಿ ಮನೆ ಕಟ್ಟಿದವರು ಈ ತಾಪತ್ರಯದಿಂದ ಪಾರಾದರು ಎನ್ನುವಂತಿಲ್ಲ. ಮಲೆನಾಡಿನ ಮಳೆಗೆ ಕಾಂಕ್ರೀಟು ಸೋರಲು ಹೆಚ್ಚು ವರ್ಷ ಬೇಕಿಲ್ಲ. ಸೋರಿತೆಂದರೆ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸುತ್ತಾರೆ. ಸೋರದವರೂ, ಪಕ್ಕದವರು ಹಾಕಿಸಿದರೆಂದು ಹಾಕಿಸುತ್ತಾರೆ. ನಾಲ್ಕೂ ಕಡೆ ತೆರೆದ ಶೀಟು ತಾರಸಿಯ ಪಾಲಿಗೆ ಒಳ್ಳೆಯದೇ: ಕಾಂಕ್ರೀಟಿಗೆ ಬಿಸಿಲು ತಾಗುವುದಿಲ್ಲ, ಶೀಟಿನ ಕೆಳಗಿನ ಬಿಸಿಗಾಳಿ ನಿಲ್ಲದೆ ಹರಿದುಹೋಗುತ್ತದೆ. ಮನೆ ತಂಪಾಗಿಡಲು ಇದಕ್ಕಿಂತ ಸುಲಭದ ಉಪಾಯ ಸಿಗುವುದು ಕಷ್ಟ. ಆದರೆ ಅದು ಹಾಗೇ ಉಳಿಯುವುದಿಲ್ಲ. ಮೊದಲ ಮಳೆಗಾಲದಲ್ಲಿ ಪಡುವಣ ಗಾಳಿ ಎರಚಲು ಹೊಡೆಯುತ್ತದೆಂದು ಪಡುವಣ ಬದಿ ಮುಚ್ಚುತ್ತದೆ. ಎರಡನೆಯ ವರ್ಷ ಅಡಿಕೆ ಹರವಲು ತೆಂಕಣ ಬದಿ. ಮೂರನೆಯ ವರ್ಷ ಮಂಗನ ಕಾಟಕ್ಕೆ ಉಳಿದ ಎರಡು ಬದಿ. ನಾಲ್ಕನೆಯ ವರ್ಷ ಅಲ್ಲಿಗೆ ಟೈಲ್ಸ್ ಬಿದ್ದು, ನೆಂಟರಿಷ್ಟರಿಗೆ ಅದನ್ನು ‘ಮೇಲೊಂದು ಹಾಲ್’ ಎಂದು ತೋರಿಸಲಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆಗೆ ಆ ಹಾಲಿನಲ್ಲಿ ನಿಲ್ಲುವವರು ಯಾರೂ ಇಲ್ಲ. ನಾಲ್ಕೈದು ಇಂಚಿನ ಕಾಂಕ್ರೀಟು ಆ ಕಾವನ್ನು ಹಗಲೆಲ್ಲ ಹೀರಿಕೊಂಡು, ಕೆಳಗಿನವರು ಊಟ ಮುಗಿಸಿ ಹಾಸಿಗೆ ಹಾಸುವ ಹೊತ್ತಿಗೆ ಸರಿಯಾಗಿ ಬಿಟ್ಟುಕೊಡತೊಡಗುತ್ತದೆ.

ಹೀಗೆ ಮುಚ್ಚಿದ್ದನ್ನು ಮತ್ತೆ ತೆರೆಯಬೇಕು ಎಂದಾಗ ಎಷ್ಟು ತೆರೆಯಬೇಕೆಂಬ ಲೆಕ್ಕ ಬರುತ್ತದೆ. ಅಮೆರಿಕದ ಮನೆ ಕಟ್ಟುವ ನಿಯಮಾವಳಿಯಲ್ಲಿ ಅಟ್ಟದ ನೆಲದ 150ರಲ್ಲಿ ಒಂದು ಪಾಲು ಕಿಂಡಿ ಇರಬೇಕೆಂದಿದೆ. ಕೆಳಗೂ ಮೇಲೂ ಸರಿಯಾಗಿ ಹಂಚಿದ್ದರೆ 300ರಲ್ಲಿ ಒಂದು ಪಾಲು ಸಾಕು. 1,200 ಚದರಡಿಯ ಮಾಡಿಗೆ ಅದು ನಾಲ್ಕು ಚದರಡಿ: ಸೂರಿನಡಿ ಎರಡು, ನೆತ್ತಿಯ ಬಳಿ ಎರಡು. ಆ ನಿಯಮ ಹುಟ್ಟಿದ್ದು ಚಳಿ ನಾಡಿನ ಅಟ್ಟದಲ್ಲಿ ತೇವ ನಿಲ್ಲದಂತೆ ನೋಡಿಕೊಳ್ಳಲು, ಆದ್ದರಿಂದ ಕರಾವಳಿಯ ಸೆಕೆಗೆ ಅದನ್ನು ಕನಿಷ್ಠ ಎಂದೇ ತಿಳಿಯಬೇಕು. ಮೇಲಾಗಿ ಈ ಚದರಡಿ ಗಾಳಿ ನಿಜವಾಗಿ ನುಸುಳುವ ಜಾಗದ ಲೆಕ್ಕ. ಸೊಳ್ಳೆಬಲೆ ಹೊಡೆದರೆ ಹೆಚ್ಚುಕಡಿಮೆ ಅರ್ಧ ಜಾಗವನ್ನು ಬಲೆಯ ಎಳೆಗಳೇ ತಿನ್ನುತ್ತವೆ. ಉಳಿದರ್ಧವನ್ನು ಎರಡು ವರ್ಷದಲ್ಲಿ ಜೇಡರ ಬಲೆ ತಿನ್ನುತ್ತದೆ. ಕೆಳಗಿನ ಕಿಂಡಿ ಮೇಲಿನದಕ್ಕಿಂತ ಸಣ್ಣದಾಗಕೂಡದು. ಎರಡರ ನಡುವೆ ಎತ್ತರ ಹೆಚ್ಚಿದಷ್ಟೂ ಸೆಳೆತ ಹೆಚ್ಚು, ಆದರೆ ಎತ್ತರ ನಾಲ್ಕು ಪಟ್ಟಾದರೆ ಗಾಳಿಯ ಹರಿವು ಎರಡು ಪಟ್ಟಷ್ಟೇ ಆಗುತ್ತದೆ. ಮಾಡನ್ನು ಗೋಪುರದಂತೆ ಏರಿಸುವುದಕ್ಕಿಂತ ಕಿಂಡಿ ದೊಡ್ಡದು ಮಾಡುವುದು ಅಗ್ಗ.

ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಕಷ್ಟ ಶುರುವಾಗುವುದು ಶೀಟು ಹಾಕುವವನಿಗೆ ಅದನ್ನು ಹೇಳುವಾಗ.

‘ತೂತು ಯಾಕೆ ಮಾರಾಯ್ರೆ? ಇಲಿ ಬರ್ತದೆ, ನೀರು ಬರ್ತದೆ.’

‘ಬಿಸಿಗಾಳಿ ಹೋಗ್ಲಿಕ್ಕೆ.’

‘ಅದಕ್ಕೆ ಮೇಲೊಂದು ಬಾಲ್ ಇಡುವ. ತಿರುಗ್ತಾ ಇರ್ತದೆ, ನೋಡ್ಲಿಕ್ಕೂ ಚೆಂದ.’

ಬಾಲ್ ಎಂದರೆ ಟರ್ಬೊ ವೆಂಟಿಲೇಟರು. ಕಾರ್ಖಾನೆ, ಗೋದಾಮುಗಳ ನೆತ್ತಿಯಲ್ಲಿ ಗರಗರ ತಿರುಗುವ ತಗಡಿನ ಗೋಳ. ಗಾಳಿ ಬೀಸಿದಾಗ ಅದರ ಎಸಳುಗಳು ತಿರುಗಿ ಒಳಗಿನ ಬಿಸಿಯನ್ನು ಎಳೆದು ಹಾಕುತ್ತವೆ, ಕರೆಂಟಿನ ಖರ್ಚಿಲ್ಲ. ಕೆಳಗೆ ಗಾಳಿ ಬರಲು ದಾರಿಯಿದ್ದರೆ ಒಳ್ಳೆಯ ಸಾಧನ. ದಾರಿಯಿಲ್ಲದಿದ್ದರೂ ಅದು ತಿರುಗುತ್ತದೆ ಎಂಬುದೇ ತೊಡಕು, ಏಕೆಂದರೆ ತಿರುಗಿಸುವುದು ಹೊರಗಿನ ಗಾಳಿ. ನಾಲ್ಕೂ ಕಡೆ ಮುಚ್ಚಿದ ಅಟ್ಟದ ಮೇಲೆ ಅದು ಹಗಲಿರುಳು ತಿರುಗುತ್ತ, ಒಳಗಿನಿಂದ ಹೆಚ್ಚೇನೂ ಎಳೆಯಲಾಗದೆ, ಮನೆಯೊಡೆಯನಿಗೆ ಮಾತ್ರ ಪೂರ್ಣ ಸಮಾಧಾನ ಕೊಡುತ್ತದೆ.

ಇನ್ನೂ ಉತ್ಸಾಹಿಗಳು ಕರೆಂಟಿನ ಎಕ್ಸಾಸ್ಟ್ ಫ್ಯಾನು ಇಡಿಸುತ್ತಾರೆ. ಟೆಕ್ಸಾಸಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇದರ ಪರಿಚಯ ಹೆಚ್ಚು. ಅಲ್ಲಿನ ಬಹುಪಾಲು ಮನೆಗಳಲ್ಲಿ ಏಸಿಯ ಕೊಳವೆಗಳು ಹಾದುಹೋಗುವುದೇ ಅಟ್ಟದಲ್ಲಿ; 13 ಡಿಗ್ರಿಯ ತಣ್ಣನೆ ಗಾಳಿ 50 ಡಿಗ್ರಿ ದಾಟಿದ ಅಟ್ಟವನ್ನು ಸುತ್ತಿಕೊಂಡು ಮಲಗುವ ಕೋಣೆಗೆ ಬರುತ್ತದೆ. ಅಟ್ಟ ತಂಪಾಗಲೆಂದು ಫ್ಯಾನು ಹಾಕಿದರೆ, ಸೂರಿನ ಕಿಂಡಿ ಸಾಲದಾದಾಗ ಅದು ದೀಪದ ತೂತು, ಸೀಲಿಂಗಿನ ಬಿರುಕುಗಳಿಂದ ಕೋಣೆಯ ತಂಪು ಗಾಳಿಯನ್ನೇ ಹೀರಿ ಹೊರಗೆ ಚೆಲ್ಲುತ್ತದೆ. ದುಡ್ಡು ಕೊಟ್ಟು ತಂಪು ಮಾಡುವುದು, ಮತ್ತೆ ದುಡ್ಡು ಕೊಟ್ಟು ಹೊರಹಾಕುವುದು. ಊರಿನಲ್ಲಿ ಫಾಲ್ಸ್ ಸೀಲಿಂಗಿನ ಮೇಲೆ ಎಕ್ಸಾಸ್ಟ್ ಇಡಿಸಿ ಕೆಳಗೆ ಏಸಿ ಹಾಕಿಕೊಂಡವರ ಪಾಡೂ ಇದೇ. ಮೊದಲು ಸೀಲಿಂಗಿನ ಸಂದಿ ಮುಚ್ಚಬೇಕು, ಆಮೇಲೆ ಅಟ್ಟದ ಕಿಂಡಿ ತೆರೆಯಬೇಕು. ಜನ ಸಾಮಾನ್ಯವಾಗಿ ಇದರ ತದ್ವಿರುದ್ಧ ಮಾಡುತ್ತಾರೆ.

ಇನ್ನು ಝಳ. ಬಿಸಿಗಾಳಿ ತಾನಾಗಿ ಕೆಳಗಿಳಿಯುವುದಿಲ್ಲ. ಮಾಡಿನಿಂದ ಮುಚ್ಚಿಗೆಗೆ ಇಳಿಯುವ ಕಾವಿನ ದೊಡ್ಡ ಪಾಲು ಝಳದ ರೂಪದ್ದು. ಕಿಂಡಿಯಲ್ಲಿ ಎಷ್ಟೇ ಗಾಳಿ ಆಡಿದರೂ ಝಳ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಅದನ್ನು ತಡೆಯಲು ಮಾಡೇ ಕಾಯದಂತೆ ಬಿಳಿ ಬಣ್ಣ ಬಳಿಯಬೇಕು, ಇಲ್ಲವೇ ಮಾಡಿನ ಒಳಮೈಗೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಕಟ್ಟಬೇಕು. ಹೊಳಪಿರುವವರೆಗೆ ಆ ಹಾಳೆ ತನ್ನ ಮೇಲೆ ಬಿದ್ದ ಝಳದಲ್ಲಿ ನೂರಕ್ಕೆ ಸುಮಾರು 95 ಪಾಲನ್ನು ಹಿಂದಿರುಗಿಸುತ್ತದೆ. ಅದರ ಹೊಳೆಯುವ ಮುಖದ ಎದುರು ಒಂದಿಂಚಾದರೂ ಖಾಲಿ ಜಾಗ ಬೇಕು; ಎರಡು ಪದರದ ನಡುವೆ ಒತ್ತಿ ಇಟ್ಟರೆ ಅದೂ ಕಾವನ್ನು ದಾಟಿಸುವ ಇನ್ನೊಂದು ತಗಡಷ್ಟೇ. ಅಟ್ಟದ ನೆಲದ ಮೇಲೆ ಹಾಸಿದರೆ ಧೂಳು ಕೂತು ಹೊಳಪು ಹೋಗುತ್ತದೆ. ಮುಖ ಕೆಳಗೆ ಮಾಡಿ ಪಕಾಸಿಗೆ ಕಟ್ಟುವುದೇ ಸರಿ. ಬಿಳಿ ಬಣ್ಣ ಇದಕ್ಕಿಂತ ಅಗ್ಗ, ಆದರೆ ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದರೆ ಪಾಚಿ ಹಿಡಿದು ಕಪ್ಪಾಗುತ್ತದೆ. ಮೇಲಾಗಿ ಹಂಚಿನ ಮನೆಯೆಂದು ಕಾಣಬೇಕೆಂಬ ಆಸೆಗೆ ಬಹಳ ಜನ ಕಡುಗೆಂಪು ಶೀಟನ್ನೇ ಹುಡುಕಿ ತರುತ್ತಾರೆ. ಬಣ್ಣ ಗಾಢವಾದಷ್ಟೂ ಶೀಟು ಹೆಚ್ಚು ಕಾಯುತ್ತದೆ ಎಂಬುದು ಅಂಗಡಿಯ ಕ್ಯಾಟಲಾಗಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ.

ತೆರೆದ ಕಿಂಡಿಗೆ ಹಕ್ಕುದಾರರು ಬಹಳ. ಬಾವಲಿ, ಇಲಿ, ಇಲಿಯ ಬೆನ್ನಿಗೆ ಹಾವು, ರಾತ್ರಿ ಧಡಧಡ ಓಡಾಡಿ ಮನೆಮಂದಿಗೆ ದೆವ್ವದ ನಂಬಿಕೆ ತರಿಸುವ ಮರಬೆಕ್ಕು. ಇವಕ್ಕೆ ಕಾಲಿಂಚಿನ ಕಿಂಡಿಯ ದಪ್ಪ ತಂತಿಬಲೆ ಸಾಕು. ಸೊಳ್ಳೆಯನ್ನು ಅಟ್ಟದಲ್ಲಿ ತಡೆಯುವ ಹಠ ಬೇಡ, ಅಲ್ಲಿ ಅದಕ್ಕೆ ಕಚ್ಚಲು ಯಾರೂ ಇಲ್ಲ. ಎರಚಲಿಗೆ ಕೆಳಮುಖವಾಗಿ ಓರೆ ಕೂರಿಸಿದ ಪಟ್ಟಿಗಳು ಬೇಕು, ಪಡುವಣ ಬದಿಗೆ ತುಸು ಹೆಚ್ಚು ಓರೆ. ಮಳೆಗಾಲದಲ್ಲಿ ಕಿಂಡಿಯಿಂದ ಅಟ್ಟ ಒಣಗುತ್ತದೆ ಎಂದು ಭಾವಿಸಬಾರದು: ಹೊರಗಿನ ಗಾಳಿಯೇ ನೀರಿನಂತಿರುವಾಗ ಅದು ಏನನ್ನೂ ಒಣಗಿಸಲಾರದು. ಆ ಕೆಲಸ ಹಿಂದೆ ಒಲೆಯದಾಗಿತ್ತು. ಅಟ್ಟದ ಹಾಸಿಗೆಗೆ ಬೂಸು ಹಿಡಿದರೆ ಕಿಂಡಿಯನ್ನು ಬೈಯುವುದು ಅನ್ಯಾಯ.

ಆದರೆ ಇಲಿ, ಬಾವಲಿ, ಮರಬೆಕ್ಕು ಎಲ್ಲ ಸೇರಿಯೂ ಮನೆಯವರಷ್ಟು ಕಿಂಡಿ ಮುಚ್ಚಲಾರವು. ಸೂರಿನ ಅಂಚಿನಲ್ಲಿ ಮಾಡು ತಗ್ಗಾಗಿರುವುದರಿಂದ ಯಾರಿಗೂ ಬೇಡದ ಸಾಮಾನು ಸರಿದು ಸರಿದು ಅಲ್ಲಿಗೇ ಸೇರುತ್ತದೆ. ಮುರಿದ ಮೊಗೆ, ಹಳೆಯ ಟಯರು, ಮಕ್ಕಳ ಏಳನೆಯ ಕ್ಲಾಸಿನ ಪುಸ್ತಕ, ವಾರಂಟಿ ಮುಗಿಯುವವರೆಗೆ ಇರಲೆಂದು ಇಟ್ಟು, ಟಿವಿಯೇ ಗುಜರಿ ಸೇರಿದ ಮೇಲೂ ಉಳಿದ ಅದರ ಥರ್ಮಾಕೋಲು. ಗಾಳಿ ಒಳಬರಬೇಕಾದ ಜಾಗವೂ ಅದೇ. ಹೊಸ ಕಿಂಡಿ ಕೊರೆಸುವ ಮೊದಲು ಈ ಸಾಮಾನನ್ನು ಒಂದೂವರೆ ಅಡಿ ಒಳಕ್ಕೆ ಸರಿಸಿ ನೋಡಬೇಕು. ಎಷ್ಟೋ ಮನೆಗಳಲ್ಲಿ ಕಿಂಡಿ ಆಗಲೇ ಇರುತ್ತದೆ.

ಇಷ್ಟೆಲ್ಲ ಮಾಡಿದರೆ ಏಸಿ ಮಾರಬಹುದೇ ಎಂದರೆ, ಇಲ್ಲ. ಕರಾವಳಿಯ ಸೆಕೆಯ ಅರ್ಧ ಕಾಟ ಗಾಳಿಯ ತೇವದ್ದು. ಅಟ್ಟದ ಕಿಂಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮುಚ್ಚಿಗೆ ಹಗಲಲ್ಲಿ ಕಡಿಮೆ ಕಾದರೆ ರಾತ್ರಿ ಬೇಗ ತಣಿಯುತ್ತದೆ. ದೇಶದಲ್ಲಿ 2020ರಿಂದ ಮಾರುವ ಸ್ಟಾರ್ ಗುರುತಿನ ಏಸಿಗಳು ಹಾಕಿದೊಡನೆ 24 ಡಿಗ್ರಿಗೆ ನಿಲ್ಲುವಂತೆ ನಿಯಮವಾಗಿದೆ. ಮೇಲಿಂದ ಕಾವು ಸುರಿಯದ ಕೋಣೆಯಲ್ಲಿ ಆ ಅಂಕಿಯನ್ನು ಹದಿನೆಂಟಕ್ಕೆ ಇಳಿಸಲು ಮನೆಯಲ್ಲಿ ರಿಮೋಟಿಗಾಗಿ ಜಗಳ ಆಗುವುದಿಲ್ಲ. ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವವರು ಬಂದಾಗ ತಂತಿಬಲೆಯ ಧೂಳನ್ನೂ ಹೊಡೆಸಬೇಕು. ಕಿಂಡಿ ಕೊರೆಸುವ ಕೆಲಸ ಇದ್ದರೆ ಸಂಕ್ರಾಂತಿ ಹೊತ್ತಿಗೇ ಹೇಳಿಡಿ. ಮೇ ತಿಂಗಳಲ್ಲಿ ವೆಲ್ಡಿಂಗ್‌ನವರು ಫೋನ್ ಎತ್ತುವುದಿಲ್ಲ.