ಚರ್ಮಬಣ್ಣದ ಬಟ್ಟೆ

ನಮ್ಮ ಕಡೆ ಮಕ್ಕಳ ನೃತ್ಯಗುರುಗಳಲ್ಲಿ ಎಲ್ಲರಿಗಿಂತ ಹಿರಿಯರು ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್, ಅವುಗಳ ಮೇಲೆ ಮನೆಯೆತ್ತರ ಕಬ್ಬು, ಡ್ರೈವರನ ತಲೆಯ ಹಿಂದೆ ಅವನಿಗಿಂತ ದಪ್ಪನೆಯ ಎರಡು ಸ್ಪೀಕರ್. ಕಾರ್ಖಾನೆಗಳು ನುರಿಸಲು ಶುರುಮಾಡಿದವೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ರಸ್ತೆಗಳಲ್ಲಿ ಇವರದೇ ತರಬೇತಿ ಶಿಬಿರ. ರಸ್ತೆಗೆ ಹತ್ತಿದ ಶಾಲೆಯೊಳಗೆ ಮಾಸ್ತರು ಹದಿಮೂರರ ಮಗ್ಗಿ ಹೇಳಿಸುತ್ತಿರುತ್ತಾರೆ, ಹೊರಗೆ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಮಗ್ಗಿ ಹದಿಮೂರೈದಲಿಗೇ ನಿಲ್ಲುತ್ತದೆ. ಹಾಡು ಮಾತ್ರ ಮಕ್ಕಳ ಜೊತೆ ಮನೆತನಕ ಬರುತ್ತದೆ.

ಹೀಗಾಗಿ ಡಿಸೆಂಬರಿನಲ್ಲಿ ಗ್ಯಾದರಿಂಗ್ ಹತ್ತಿರ ಬಂದಾಗ ಯಾವ ಹಾಡಿಗೆ ಕುಣಿಯುವುದೆಂಬ ಚರ್ಚೆಯೇ ಇರುವುದಿಲ್ಲ. (ಮೈಸೂರು ಕಡೆಯವರು ಸ್ಕೂಲ್ ಡೇ ಎನ್ನುತ್ತಾರೆ. ನಾವು ಮುಂಬೈ ರಾಜ್ಯ ಬಿಟ್ಟದ್ದು 1956ರಲ್ಲಿ, ಗ್ಯಾದರಿಂಗ್ ಬಿಟ್ಟಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಮಾತ್ರ ಅದಕ್ಕೆ 'ವಾರ್ಷಿಕ ಸ್ನೇಹ ಸಮ್ಮೇಳನ' ಎಂದು ರೇಷ್ಮೆ ಅಂಗಿ ತೊಡಿಸುತ್ತೇವೆ.) ಹಾಡು ಎಂಥದು ಅಂತೀರಾ? ಎರಡು ತಿಂಗಳ ಹಿಂದೆ ಯಾವುದೋ ಸಣ್ಣ ಸ್ಟುಡಿಯೋದಲ್ಲಿ ಹುಟ್ಟಿದ್ದು. ಕೈಕೊಟ್ಟ ಹುಡುಗಿಗೆ ಒಂದು ನುಡಿಯಲ್ಲಿ ಬೈಗುಳ, ಹೊಸ ಹುಡುಗಿಯ ನಡುವಿಗೆ ಮುಂದಿನ ನುಡಿಯಲ್ಲಿ ಹೊಗಳಿಕೆ. ಯೂಟ್ಯೂಬಿನಲ್ಲಿ ಇದರ ಹೆಸರು 'ಉತ್ತರ ಕರ್ನಾಟಕ ಜಾನಪದ ಡಿಜೆ'. ಆದ್ದರಿಂದ ಕಾರ್ಯಕ್ರಮ ಪಟ್ಟಿಯಲ್ಲಿ ಅದು 'ಜಾನಪದ ನೃತ್ಯ'. ಕಟ್ಟಿದವರು ಯಾರೆಂದು ಗೊತ್ತಿಲ್ಲದ್ದು ಜಾನಪದ ಎಂದು ನಾವು ಪರೀಕ್ಷೆಯಲ್ಲಿ ಬರೆದು ಪಾಸಾದವರು. ಈ ಜಾನಪದದಲ್ಲಿ ಬರೆದವನ ಹೆಸರು, ಹಾಡಿದವನ ಹೆಸರು, ಇಬ್ಬರ ಊರು ಎಲ್ಲವೂ ಮೂರನೆಯ ನುಡಿಯಲ್ಲಿ ತಾಳಕ್ಕೆ ಸರಿಯಾಗಿ ಬರುತ್ತವೆ.

ಹೋದ ಜನವರಿಯಲ್ಲಿ ಇಂಥದೊಂದು ಗ್ಯಾದರಿಂಗಿಗೆ ನನ್ನನ್ನು ನಿರ್ಣಾಯಕನೆಂದು ಕರೆದರು. ಊರಿನ ಹೆಸರು ಹೇಳುವುದಿಲ್ಲ. ಮೂರು ತಾಲೂಕಿನಲ್ಲಿ ನಿಮಗೆ ಗೊತ್ತಿರುವ ಯಾವುದಾದರೂ ಊರು ಅಂದುಕೊಳ್ಳಿ, ತಪ್ಪಾಗುವುದಿಲ್ಲ. ನಡುವೆ ಎರಡು ಸಲ ಕರೆಂಟು ಹೋಯಿತು, ಜನ ವಿದ್ಯುತ್ ಕಂಪನಿ ಹೆಸ್ಕಾಂಗೆ ಬೈದರು. ಅಷ್ಟರ ಮೇಲೆ ಹುಕ್ಕೇರಿ ಕಡೆಯವರು ಇದು ತಮ್ಮದಲ್ಲವೆಂದು ವಾದಿಸಬಹುದು. 1969ರಿಂದ ಅವರದು ಸ್ವಂತ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಬೈಯುವುದಾದರೆ ತಮ್ಮ ಬೀಗರನ್ನೇ ಬೈಯಬೇಕು.

ಕೈಗೆ ಅಂಕಪಟ್ಟಿ ಕೊಟ್ಟರು. ತಾಳಕ್ಕೆ ಹತ್ತು, ಹಾವಭಾವಕ್ಕೆ ಹತ್ತು, ವೇಷಭೂಷಣಕ್ಕೆ ಹತ್ತು. ಮೊದಲ ಸಾಲಿನಲ್ಲಿ ಯಾರದೋ ಮನೆಯಿಂದ ಹೊತ್ತು ತಂದ ಸೋಫಾಗಳು, ಅವುಗಳ ಮುಂದೆ ಟೀಪಾಯಿ, ಟೀಪಾಯಿಯ ಮೇಲೆ ಗೋಕಾಕದ ಕರದಂಟು. ಏಳು ಗಂಟೆಗೆ ದೀಪ ಬೆಳಗಬೇಕಿತ್ತು. ಮುಖ್ಯ ಅತಿಥಿಗಳು ಒಂಬತ್ತಕ್ಕೆ ಬಂದು, ಕರದಂಟು ಬಾಯಲ್ಲಿಟ್ಟುಕೊಂಡು, ನಲವತ್ತು ನಿಮಿಷ ಭಾರತೀಯ ಸಂಸ್ಕೃತಿಯ ಬಗ್ಗೆ ಮಾತಾಡಿದರು. ಪಾಶ್ಚಾತ್ಯರನ್ನು ಬೈದರು. ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಆ ನಲವತ್ತು ನಿಮಿಷ ವೇದಿಕೆಯ ಹಿಂದೆ, ಜನವರಿಯ ಥಂಡಿಯಲ್ಲಿ, ನಾಲ್ಕನೆಯ ತರಗತಿಯ ಎಂಟು ಹುಡುಗಿಯರು ಸಂಜೆ ನಾಲ್ಕಕ್ಕೇ ಬಳಿಸಿಕೊಂಡ ಬಣ್ಣ ಕರಗದಂತೆ ಮುಖ ಎತ್ತಿ ಹಿಡಿದು, ಮೊಳದಷ್ಟು ಬಟ್ಟೆಯಲ್ಲಿ ನಡುಗುತ್ತ ಕೂತಿದ್ದರು. ನೀರು ಕುಡಿದರೆ ಲಿಪ್‌ಸ್ಟಿಕ್ ಹೋಗುತ್ತದೆಂದು ನೀರಿಲ್ಲ. ಪಿನ್ನು ಕಳಚುತ್ತದೆಂದು ಒಂದಕ್ಕೂ ಹೋಗುವಂತಿಲ್ಲ. ಆ ಸಂಜೆ ನಡೆದದ್ದರಲ್ಲಿ ನನಗೆ ಅಸಭ್ಯವಾಗಿ ಕಂಡದ್ದು ಮೊದಲು ಇದು. ಆದರೆ ಇದಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಅವರು ವೇದಿಕೆಗೆ ಬಂದರು. ವೇಷದ ಬಗ್ಗೆ ಎರಡು ಮಾತು ಹೇಳಲೇಬೇಕು. ಮೇಲೊಂದು ಮಿಣಮಿಣ ತುಂಡು, ಕೆಳಗೊಂದು ಮಿಣಮಿಣ ತುಂಡು, ನಡುವೆ ಚರ್ಮಬಣ್ಣದ ಬಟ್ಟೆ. ಈ ಬಟ್ಟೆಯನ್ನು ಕಂಡುಹಿಡಿದವನು ನಮ್ಮ ಸಮಾಜವನ್ನು ಆಳವಾಗಿ ಅಭ್ಯಾಸ ಮಾಡಿದವನೇ ಇರಬೇಕು. ಹೊಟ್ಟೆ ಮುಚ್ಚಿರಬೇಕು, ಯಾಕೆಂದರೆ ನಾವು ಮರ್ಯಾದಸ್ಥರು. ಹೊಟ್ಟೆ ಕಾಣುತ್ತಿರುವಂತೆ ಅನ್ನಿಸಲೂ ಬೇಕು, ಯಾಕೆಂದರೆ ಟಿಕೆಟ್ಟಿಲ್ಲದಿದ್ದರೂ ನಾವು ಪ್ರೇಕ್ಷಕರು. ತಮಾಷೆಯೆಂದರೆ ಆ ಗುಲಾಬಿ ಛಾಯೆಯ ಚರ್ಮ ಗೋಕಾಕ ಫಾಲ್ಸಿನಿಂದ ಹಿಡಕಲ್ ಡ್ಯಾಮಿನ ತನಕ ಹುಡುಕಿದರೂ ಯಾರ ಮೈಮೇಲೂ ಸಿಗುವುದಿಲ್ಲ. ಮುಖ ಎಳ್ಳಿನ ಬಣ್ಣ, ಕೈ ಬೆಲ್ಲದ ಬಣ್ಣ, ಹೊಟ್ಟೆ ಮಾತ್ರ ವಿಲಾಯತಿ. ನಮ್ಮ ಗೋಕಾಕದ ಕಟ್ಟಿಗೆ ಗೊಂಬೆಗಳಿಗೆ ಬಣ್ಣ ಹಚ್ಚುವ ಚಿತ್ರಗಾರರು ಸಹ ಒಂದು ಗೊಂಬೆಗೆ ಒಂದೇ ಮೈಬಣ್ಣ ಹಚ್ಚುತ್ತಾರೆ.

ಹುಡುಗಿಯರು ಚೆನ್ನಾಗಿಯೇ ಕುಣಿದರು. ಎಣಿಕೆ ತಪ್ಪಲಿಲ್ಲ. ಕಣ್ಣು ಹೊಡೆಯುವ ಜಾಗದಲ್ಲಿ ಒಬ್ಬಳಿಗೆ ಒಂದೇ ಕಣ್ಣು ಮುಚ್ಚಲು ಬಾರದೆ ಎರಡೂ ಮುಚ್ಚಿದಳು. ತುಟಿ ಕಚ್ಚುವ ಜಾಗದಲ್ಲಿ ಇನ್ನೊಬ್ಬಳಿಗೆ ಮುಂದಿನ ಹಲ್ಲು ಬಿದ್ದಿತ್ತು. ಜನ ಎದ್ದು ಶಿಳ್ಳೆ ಹೊಡೆದರು. 'ಒನ್ಸ್ ಮೋರ್' ಎಂದರು. ಸೋಫಾದಿಂದ ಒಬ್ಬರು ಐದುನೂರರ ನೋಟು ಹಿಡಿದು ಹೋಗಿ, ಮಧ್ಯದಲ್ಲಿ ನಿಂತ ಹುಡುಗಿಯ ಮಿಣಮಿಣ ತುಂಡಿಗೆ ಪಿನ್ನು ಮಾಡಿ, ಫೋಟೋಕ್ಕೆ ನಿಂತು ಬಂದರು. ಸಂಸ್ಕೃತಿಯ ಭಾಷಣ ಮಾಡಿದವರು ಇವರೇ ಎಂದು ನಾನು ಹೇಳಿದರೆ ನೀವು ಕಥೆ ಕಟ್ಟುತ್ತಾನೆ ಅನ್ನುತ್ತೀರಿ. ಅದಕ್ಕೇ ಹೇಳುವುದಿಲ್ಲ.

ಪಕ್ಕದಲ್ಲಿದ್ದ ಪಾಲಕರೊಬ್ಬರ ಕಿವಿಯಲ್ಲಿ, ಇಷ್ಟು ಸಣ್ಣವರಿಗೆ ಇಂಥ ಹಾಡು ಬೇಕಿತ್ತೇ ಎಂದೆ. 'ಸಣ್ಣ ಹುಡುಗ್ಯಾರ್ರಿ ಸರ, ಅವಕ್ಕೇನ್ ತಿಳಿತೈತಿ?' ಎಂದರು. ವಾದ ಗಟ್ಟಿಯಾದದ್ದು. ಅವಕ್ಕೆ ತಿಳಿಯುವುದಿಲ್ಲ, ನಿಜ. ತಿಳಿಯುವ ಆರುನೂರು ಮಂದಿ ಎದುರಿಗೆ ಕೂತಿದ್ದೇವೆ ಎಂಬುದಷ್ಟೇ ತೊಡಕು.

ನೃತ್ಯ ಕಲಿಸಿದ ಹುಡುಗನನ್ನೂ ಹಿಡಿದು ಕೇಳಿದೆ. ಗೋಕಾಕದ ಕಡೆಯವನು, ಕೂದಲಿಗೆ ಅರ್ಧ ಕೆಂಪು ಬಣ್ಣ, ಒಂದು ಡಾನ್ಸಿಗೆ ಇಷ್ಟು ಎಂದು ದುಡ್ಡು ಮಾತಾಡಿಕೊಂಡು ಹತ್ತು ಶಾಲೆ ತಿರುಗುವವನು. ಅವನಿಗೆ ಸಿಟ್ಟು ಬರಲಿಲ್ಲ. 'ಹೋದ ವರ್ಸ ಇಲ್ಲೇ ವಚನಕ್ಕ ಡಾನ್ಸ್ ಮಾಡ್ಸಿದ್ದೆ ಸರ. ಚಲೋನ ಆಗಿತ್ತು. ಮಂದಿ ಎದ್ದು ಚಾ ಕುಡ್ಯಾಕ ಹೋದ್ರು. ಈ ವರ್ಸ ಒಬ್ರೂ ಎದ್ದಿಲ್ಲ ನೋಡ್ರಿ.' ಈ ವಿಷಯದ ಮೇಲೆ ನಡೆದ ಎಲ್ಲ ವಿಚಾರ ಸಂಕಿರಣಗಳನ್ನು ಹಿಂಡಿದರೂ ಇಷ್ಟು ರಸ ಬರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಸಂಸ್ಕೃತಿ ರಕ್ಷಣೆ ಶುರುವಾಯಿತು. ಯಾರೋ ತೆಗೆದ ವಿಡಿಯೋ ವಾಟ್ಸಾಪಿಗೆ ಬಂತು. 'ಎಲ್ಲಿಗೆ ಹೋಗುತ್ತಿದೆ ನಮ್ಮ ಸಮಾಜ? ತಪ್ಪದೇ ಎಲ್ಲ ಗುಂಪಿಗೂ ಕಳಿಸಿ' ಎಂಬ ಒಕ್ಕಣೆ. ಪೆಂಡಾಲಿನಲ್ಲಿ ಆರುನೂರು ಮಂದಿ ನೋಡಿದ್ದನ್ನು, ನೋಡಬಾರದೆಂದು ಸಾರಲಿಕ್ಕಾಗಿ, ಸಂಜೆಯೊಳಗೆ ಎಷ್ಟು ಸಾವಿರ ಮಂದಿಗೆ ತೋರಿಸಿದರೋ. ಮಕ್ಕಳ ಮುಖ ಸ್ಪಷ್ಟ, ಹಿಂದಿನ ಬ್ಯಾನರಿನಲ್ಲಿ ಶಾಲೆಯ ಹೆಸರು ಸ್ಪಷ್ಟ. ನನಗೇ ಅದು ಏಳು ಗುಂಪುಗಳಿಂದ ಬಂತು. ಕಳಿಸಿದವರಲ್ಲಿ ಒಬ್ಬರು, ಅಶ್ಲೀಲ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಲು ಮೂರು ಸಲ ನೋಡಿದ್ದಾಗಿ ಹೇಳಿದರು.

ಅದೇ ಗ್ಯಾದರಿಂಗಿನಲ್ಲಿ ಐದನೆಯ ತರಗತಿಯ ಹುಡುಗರು ರಟ್ಟಿನ ಮಚ್ಚು ಹಿಡಿದು, ಬಾಯಲ್ಲಿ ಸುಳ್ಳು ಬೀಡಿ ಕಚ್ಚಿ, ನಾಯಕನ ಎಂಟ್ರಿ ಹಾಡಿಗೆ ಕುಣಿದಿದ್ದರು. ಕೊನೆಯಲ್ಲಿ ನಾಲ್ವರು ಸತ್ತರು. ಆ ವಿಡಿಯೋ ನನಗೆ ಯಾವ ಗುಂಪಿನಿಂದಲೂ ಬರಲಿಲ್ಲ.

ಸರ್ಕಾರ ಸುಮ್ಮನಿಲ್ಲ ಎಂಬುದನ್ನೂ ದಾಖಲಿಸಬೇಕು. 2019ರ ಜೂನ್ 18ರಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಖಾಸಗಿ ಉಪಗ್ರಹ ವಾಹಿನಿಗಳಿಗೆ ಸಲಹೆ ಕಳಿಸಿತು: ಡಾನ್ಸ್ ರಿಯಾಲಿಟಿ ಶೋಗಳಲ್ಲಿ ದೊಡ್ಡವರಿಗಾಗಿ ಕಟ್ಟಿದ ಕುಣಿತವನ್ನು ಮಕ್ಕಳಿಂದ ಅಸಭ್ಯವಾಗಿ ಮಾಡಿಸಬೇಡಿ ಎಂದು. ಸಲಹೆ ಸರಿಯಾದದ್ದೇ. ನಮ್ಮ ಪೆಂಡಾಲಿಗೆ ಉಪಗ್ರಹದ ಸಂಪರ್ಕವಿಲ್ಲದ್ದರಿಂದ ಅದು ಘಟಪ್ರಭಾ ನದಿ ದಾಟಿ ಈಚೆ ಬರಲಿಲ್ಲ. ಬಾಲಕಲಾವಿದರಿಗೆಂದು 2017ರ ನಿಯಮಗಳಿವೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಮೂರು ಗಂಟೆ ಮೀರಬಾರದು, ಗಳಿಕೆಯಲ್ಲಿ ಶೇ. 20ನ್ನಾದರೂ ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು. ನಮ್ಮ ಎಂಟು ಮಂದಿ ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದರ ತನಕ ಸಜ್ಜಾಗಿ ಕೂತಿದ್ದರು. ಆದರೆ ಅವರು ಕಲಾವಿದರಲ್ಲ, ವಿದ್ಯಾರ್ಥಿನಿಯರು. ಐದುನೂರರ ನೋಟನ್ನು ಕಂಪೌಂಡ್ ಗೋಡೆಯ ನಿಧಿಗೆ ಜಮಾ ಮಾಡಲಾಯಿತು. ಫ್ರಾನ್ಸಿನ ಸೆನೆಟ್ 2013ರಲ್ಲಿ ಹದಿನಾರರೊಳಗಿನ ಮಕ್ಕಳ ಸೌಂದರ್ಯ ಸ್ಪರ್ಧೆ ನಿಷೇಧಿಸಲು ಮತ ಹಾಕಿತಂತೆ ಎಂದು ನಾನು ಸಹನಿರ್ಣಾಯಕರಿಗೆ ಹೇಳಿದೆ. 'ಅವರ ಸಂಸ್ಕೃತಿ ಮೊದಲೇ ಕೆಟ್ಟಿದ್ದು' ಎಂದರು.

ನಮ್ಮ ನೆಲ ಶೃಂಗಾರ ಕಾಣದ್ದೇನಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ ಹಳೆಯ ಗೋಕಾಕ ತಾಲೂಕಿನವನು. ಆ ಆಟದಿಂದ ಹೆಸರಾದ ಕೌಜಲಗಿ ನಿಂಗಮ್ಮನೂ ಇಲ್ಲಿಯವಳೇ. ಒಂದು ಹೂವಿಗಾಗಿ ಸತ್ಯಭಾಮೆಯ ಸಿಟ್ಟು, ವಿರಹ, ಗಂಡನ ಮೇಲಿನ ಸಂಶಯ, ನಡುವೆ ದೂತಿಯ ಕೊಂಕು ಮಾತು. ನಮ್ಮ ಅಜ್ಜಂದಿರು ಬೆಳಗಾಗುವ ತನಕ ಕೂತು ಕೇಳಿದರು. ಮಕ್ಕಳು ಕಂಬಳಿಯೊಳಗೆ ನಿದ್ದೆ ಹೋಗಿರುತ್ತಿದ್ದರು. ದೊಡ್ಡವರ ಮಾತು ದೊಡ್ಡವರು ಆಡಿ ದೊಡ್ಡವರು ಕೇಳಿದರು, ಯಾರ ಗಂಟೂ ಹೋಗಲಿಲ್ಲ.

ಹಾಗಂತ ಹಳೆಯದಕ್ಕೆಲ್ಲ ಕುಂಕುಮ ಹಚ್ಚಲೂ ಬೇಡಿ. ಕಂಪನಿ ನಾಟಕಗಳ ಕಾಲದಲ್ಲಿ ಮೀಸೆ ಮೂಡದ ಹುಡುಗರಿಗೆ ಸೀರೆ ಉಡಿಸಿ ನಾಯಕಿಯಾಗಿಸುತ್ತಿದ್ದರು. ನಮ್ಮ ಏಣಗಿ ಬಾಳಪ್ಪನವರೂ ಬಾಲ್ಯದಲ್ಲಿ ಹೆಣ್ಣುಪಾತ್ರಗಳಿಂದಲೇ ರಂಗಕ್ಕೆ ಬಂದವರು. 'ಒನ್ಸ್ ಮೋರ್' ಎಂಬ ಕೂಗು ಡಿಜೆಗಿಂತ ಬಹಳ ಹಳೆಯದು. ಬೆಂಗಳೂರಿನ ಸಭಾಂಗಣಗಳಲ್ಲಿ ಇವತ್ತೂ ಹನ್ನೊಂದು ವರ್ಷದ ಹುಡುಗಿ ರಂಗಪ್ರವೇಶದಲ್ಲಿ, ಹಾಸಿಗೆಗೆ ಬಾರದ ನಾಯಕನಿಗಾಗಿ ಅರ್ಧ ಗಂಟೆ ವಿರಹಪಡುತ್ತಾಳೆ. ಅದಕ್ಕೆ ಯಾರ ತಕರಾರೂ ಇಲ್ಲ. ಹಾಡು ತೆಲುಗಿನಲ್ಲಿರುತ್ತದೆ, ಸೀರೆ ಕಂಚಿಯದಿರುತ್ತದೆ.

ಇನ್ನೊಂದು ವಿಷಯವಿದೆ. ಅದನ್ನು ನಗೆಯಲ್ಲಿ ಹೇಳಲು ನನಗೆ ಬರುವುದಿಲ್ಲ. ಘಟಪ್ರಭಾ ಪಟ್ಟಣದಲ್ಲಿ ಒಂದು ಸಂಸ್ಥೆಯಿದೆ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂದು. 1997ರಲ್ಲಿ ಹುಟ್ಟಿದ್ದು, ನಡೆಸುವವರು ಒಂದು ಕಾಲಕ್ಕೆ ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆಯನ್ನು ರಾಜ್ಯ 1982ರಲ್ಲೇ ಮಾಡಿತ್ತು. ಆದರೂ ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ನಿಲ್ಲಿಸಲು ಮುತ್ತು ಕಟ್ಟಿಸಿಕೊಂಡವರೇ ಮನೆ ಮನೆ ತಿರುಗಬೇಕಾಯಿತು. ಗ್ಯಾದರಿಂಗಿನ ಕುಣಿತವನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ನನ್ನ ತಲೆ ಕೆಟ್ಟಿದೆ ಎಂದರ್ಥ. ಆದರೆ ಹೆಣ್ಣುಮಗುವಿನ ಮೈಗೆ ಏನು ಅರ್ಥ ಎಂಬುದನ್ನು ಅವಳಿಗೆ ತಿಳಿಯುವ ಮೊದಲೇ ಸುತ್ತಲಿನವರು ತೀರ್ಮಾನ ಮಾಡಿ ಮುಗಿಸುವ ಚಟ ಈ ಸೀಮೆಗೆ ಹೊಸದಲ್ಲ. 'ಅದಕ್ಕೇನ್ ತಿಳಿತೈತಿ' ಎಂಬ ಮಾತು ಆಗಲೂ ಇತ್ತು.

ನನ್ನ ಅಂಕಪಟ್ಟಿಯ ಕಥೆ ಹೇಳಿಬಿಡುತ್ತೇನೆ. ತಾಳಕ್ಕೆ ಒಂಬತ್ತು ಕೊಟ್ಟೆ, ಅದು ನ್ಯಾಯ. ಹಾವಭಾವಕ್ಕೆ ಬರೆಯುವಾಗ ಎರಡೂ ಕಣ್ಣು ಮುಚ್ಚಿದ ಹುಡುಗಿ ನೆನಪಾಗಿ ನಗು ಬಂತು, ಅದಕ್ಕೂ ಒಂಬತ್ತು. ವೇಷಭೂಷಣದ ಕಾಲಂ ಬಂದಾಗ ಸೊನ್ನೆ ಬರೆಯಬೇಕೆಂದು ಪೆನ್ನು ಎತ್ತಿದೆ. ಸೊನ್ನೆ ಯಾರಿಗೆ? ಹಾಕಿಕೊಂಡವಳಿಗೋ, ಹೊಲಿಸಿದವರಿಗೋ, ಶಿಳ್ಳೆ ಹೊಡೆದವರಿಗೋ? ಯೋಚಿಸುತ್ತಿರುವಾಗ ಸಂಸ್ಥೆಯ ಅಧ್ಯಕ್ಷರು ಪಕ್ಕಕ್ಕೆ ಬಂದು ಕೂತು ಪಟ್ಟಿಯನ್ನು ಇಣುಕಿದರು. ನಾನು ಎಂಟು ಬರೆದೆ. ಕರದಂಟು ತಿಂದೆ. ಶಾಲು, ಹಾರ, ಸ್ಮರಣಿಕೆ ತೆಗೆದುಕೊಂಡು ಮನೆಗೆ ಬಂದೆ. ಎಂಟು ಮಂದಿಗೆ ಮೊದಲ ಬಹುಮಾನ ಬಂತು.

ಈ ಹುಡುಗಿಯರ ಕುಣಿತದ ವೃತ್ತಿಜೀವನ ಎಷ್ಟು ದಿನದ್ದು ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಆರನೆಯ ತರಗತಿ ಮುಗಿಯುವ ತನಕ ಸಣ್ಣಾಕಿ, ಏನೂ ತಿಳಿಯುವುದಿಲ್ಲ, ಯಾವ ಹಾಡಾದರೂ ನಡೆಯುತ್ತದೆ. ಏಳಕ್ಕೆ ಕಾಲಿಟ್ಟಳೋ ದೊಡ್ಡಾಕಿ. ಮಂದಿ ಏನಂದಾರು. ಓಡಬೇಡ, ಜೋರಾಗಿ ನಗಬೇಡ, ಓಣಿಯಲ್ಲಿ ನಿಲ್ಲಬೇಡ, ಇನ್ನು ಕುಣಿಯುವುದೆಲ್ಲ ಎಲ್ಲಿ ಬಂತು. ಕುಣಿಯುವುದೆಂದರೆ ಏನೆಂದು ಅವಳಿಗೆ ಅರ್ಥವಾಗತೊಡಗುವ ಹೊತ್ತಿಗೆ ಸರಿಯಾಗಿ ನಾವು ಕುಣಿತ ಬಿಡಿಸುತ್ತೇವೆ. ಕೆಲವರಿಗೆ ಇದಾಗಿ ಎರಡು ಮೂರು ವರ್ಷದಲ್ಲೇ ಗಂಡು ನೋಡುವುದೂ ಶುರು. ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು ಎಂದಿದೆ. ಆದರೂ ಗ್ಯಾದರಿಂಗಿಗೂ ಅಂಥ ಮದುವೆಗೂ ಪೆಂಡಾಲಿನವನು ಒಬ್ಬನೇ.

ಈ ವರ್ಷವೂ ಕರೆದಿದ್ದರು, ಬೇರೆ ಶಾಲೆ, ಅದೇ ಸೋಫಾ. ನೃತ್ಯ ಶುರುವಾಗುವ ಮೊದಲು ಚಹಾ ತಂದುಕೊಟ್ಟ ಹುಡುಗಿಯ ಮುಖ ಎಲ್ಲೋ ನೋಡಿದಂತಿತ್ತು. ಅಲ್ಲಿಯ ಬಾಯಾರು ಹೇಳಿದರು: ಎರಡು ವರ್ಷದ ಹಿಂದೆ ಇವಳೇ ಇಲ್ಲಿ ನಂಬರ್ ವನ್ ಡಾನ್ಸರ್, ಟಿವಿಯಲ್ಲಿ ಬರುವವರಂತೆ ಕುಣಿಯುತ್ತಿದ್ದಳು. ಈಗ ಏಳನೆಯ ತರಗತಿ, ಮೈತುಂಬ ವೇಲು, ಕೈಯಲ್ಲಿ ಚಹಾದ ತಟ್ಟೆ. 'ಯಾಕವ್ವಾ, ಈ ಸಲ ನೀನು ಕುಣಿಯಂಗಿಲ್ಲೇನು?' ಎಂದೆ. ತಲೆ ಬಗ್ಗಿಸಿ ಇಲ್ಲ ಎಂದಳು. ಬಾಯಾರೇ ಪೂರ್ತಿ ಮಾಡಿದರು: 'ದೊಡ್ಡಾಕಿ ಆಗ್ಯಾಳ್ರಿ ಸರ. ಇಕಿ ತಂಗಿ ಕುಣಿತಾಳ ಈ ಸಲ.'

ತಂಗಿ ಎರಡನೆಯ ತರಗತಿ. ವೇದಿಕೆಯ ಪಕ್ಕ ಅಕ್ಕ ತಟ್ಟೆ ಕೆಳಗಿಟ್ಟು, ತನಗೆಂದು ಹೊಲಿಸಿದ್ದ ಅದೇ ಮಿಣಮಿಣ ತುಂಡನ್ನು ತಂಗಿಯ ಮೈಗೆ ಹೊಂದಿಸಲು ಬಾಯಲ್ಲಿ ಪಿನ್ನು ಕಚ್ಚಿಕೊಂಡು ಕೂತಿದ್ದಳು. ಚರ್ಮಬಣ್ಣದ ಬಟ್ಟೆ ಬಹಳ ಸಡಿಲಾಗುತ್ತಿತ್ತು. ಹಿಂದಿನಿಂದ ನಾಲ್ಕು ಪಿನ್ನು ಬೇಕಾದವು.