ಉಚಿತ ಬುದ್ಧಿ, ಷರತ್ತುಗಳು ಅನ್ವಯ

ಹದಿನೆಂಟರಿಂದ ಇಪ್ಪತ್ತೈದು ಎಂದರೆ ಬುದ್ಧಿ ಬರುವ ವಯಸ್ಸು ಎಂದು ನಮ್ಮ ಹಿರಿಯರು ನಂಬಿದ್ದರು. ಜಿಯೋ ಕಂಪನಿಯೂ ನಂಬಿದೆ. 2025ರ ಅಕ್ಟೋಬರ್ ಕೊನೆಗೆ ಅದು ಮೊದಲ ಸರದಿಯಲ್ಲಿ ಇದೇ ವಯಸ್ಸಿನವರಿಗೆ ಗೂಗಲ್‌ನ ಜೆಮಿನಿ ಪ್ರೊ ಎಂಬ ಎಐ ಯಂತ್ರವನ್ನು 18 ತಿಂಗಳು ಪುಕ್ಕಟೆ ಕೊಟ್ಟಿತು. ಅದಕ್ಕೂ ಮೊದಲು, ಜುಲೈನಲ್ಲಿ, ಏರ್‌ಟೆಲ್‌ನವರು ಪರ್ಪ್ಲೆಕ್ಸಿಟಿಯನ್ನು ಒಂದು ವರ್ಷದ ಮಟ್ಟಿಗೆ ಹಂಚಿದ್ದರು. ನವೆಂಬರಿನಲ್ಲಿ ಚಾಟ್‌ಜಿಪಿಟಿಯವರು ತಿಂಗಳಿಗೆ 399 ರೂಪಾಯಿ ದರ ಕಟ್ಟಿದ್ದ ‘ಗೋ’ ಯೋಜನೆಯನ್ನು ವರ್ಷಕ್ಕೆ ಬಿಟ್ಟಿ ಮಾಡಿದರು. ಹೀಗಾಗಿ ನಮ್ಮ ವಿಜಯಪುರ ಜಿಲ್ಲೆಯ ಆಲಮೇಲದಲ್ಲಿ ನಳಕ್ಕೆ ನೀರು ಬರದ ದಿನವೂ ಬುದ್ಧಿಗೆ ಬರವಿಲ್ಲ. ಡೇಟಾ ಮುಗಿದರೆ ಮಾತ್ರ ಮರುದಿನದವರೆಗೆ ದಡ್ಡರಾಗಿರಬೇಕು.

ಪುಕ್ಕಟೆ ಎಂದ ಕೂಡಲೇ ಈ ಸೀಮೆಯ ರೈತನಿಗೆ ಅಡತಿ ಅಂಗಡಿ ನೆನಪಾಗಬೇಕಿತ್ತು. ಬಿತ್ತುವಾಗ ನಗುನಗುತ್ತ ಮುಂಗಡ ಕೊಟ್ಟ ಸಾಹುಕಾರ ರಾಶಿಯಾದ ಮೇಲೆ ಚೀಲವನ್ನು ಪಕ್ಕದ ಅಂಗಡಿಯ ಕಡೆ ತಿರುಗಲೂ ಬಿಡುವುದಿಲ್ಲ. ಆದರೆ ಅಲ್ಲಿ ಅಡ ಇಡುತ್ತಿದ್ದುದು ತೊಗರಿಯನ್ನು. ಇಲ್ಲಿ ಇಡುತ್ತಿರುವುದು ತಲೆಯನ್ನು. ತಲೆಗೆ ಬೆಂಬಲ ಬೆಲೆ ಇಲ್ಲದ್ದರಿಂದ ಯಾರಿಗೂ ಚಿಂತೆಯಾದಂತೆ ಕಾಣುವುದಿಲ್ಲ.

ಬಂದ ಬುದ್ಧಿಯನ್ನು ನಾವು ಯಾವುದಕ್ಕೆ ಬಳಸುತ್ತೇವೆ ಎಂಬುದನ್ನೂ ನೋಡಬೇಕು. ರಜೆ ಚೀಟಿ, ಮದುವೆಯ ವಾರ್ಷಿಕೋತ್ಸವದ ಹಾರೈಕೆ, ಶಾಸಕರ ಹುಟ್ಟುಹಬ್ಬದ ಬ್ಯಾನರ್, ಮುತ್ಯಾ ತೀರಿಕೊಂಡದ್ದಕ್ಕೆ ಸ್ಟೇಟಸ್‌ಗೆ ಹಾಕುವ ನಾಲ್ಕು ಸಾಲು. ಎಲ್ಲಕ್ಕಿಂತ ಹೆಚ್ಚಾಗಿ ಭಾಷಣ. ಇಂಡಿಯಲ್ಲಿ ಬಸವ ಜಯಂತಿಗೆ ಮೊಳಗಿದ್ದೇ ಮುದ್ದೇಬಿಹಾಳದಲ್ಲಿ ಮೊಳಗುತ್ತದೆ. ‘ಇಂದಿನ ವೇಗದ ಯುಗದಲ್ಲಿ’ ಎಂದು ಶುರುವಾಗಿ ‘ಬಸವಣ್ಣನವರ ಚಿಂತನೆಗಳು ಎಂದಿಗಿಂತ ಇಂದು ಹೆಚ್ಚು ಪ್ರಸ್ತುತ’ ಎಂದು ಮುಗಿಯುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಯಂತ್ರ ಬರುವ ಮೊದಲೂ ಹೀಗೇ ಮುಗಿಯುತ್ತಿತ್ತು. ಒಂದು ಲಾಭ ಮಾತ್ರ ಖರೆ. ‘ಇದನ್ನು ಇನ್ನೂ ಚಿಕ್ಕದಾಗಿ ಬರೆದುಕೊಡಲೇ?’ ಎಂದು ಯಂತ್ರ ಕೇಳುತ್ತದೆ. ಈ ಜಿಲ್ಲೆಯ ವೇದಿಕೆಗಳ ಇತಿಹಾಸದಲ್ಲಿ ಯಾವ ಭಾಷಣಕಾರನೂ ಕೇಳದ ಪ್ರಶ್ನೆ ಅದು. ಒಬ್ಬರು ಆ ಸಾಲನ್ನೂ ಬಿಡದೆ ಮೈಕಿನಲ್ಲಿ ಓದಿಬಿಟ್ಟರಂತೆ. ಯಾವ ಊರು ಎಂದು ಕೇಳಬೇಡಿ. ಸಭೆ ಇಡೀ ಭಾಷಣದಲ್ಲಿ ಮನಸಾರೆ ಚಪ್ಪಾಳೆ ತಟ್ಟಿದ್ದು ಅಲ್ಲಿ ಮಾತ್ರ.

ಇಷ್ಟಾದರೆ ನಗಬಹುದಿತ್ತು. ಬಸವನ ಬಾಗೇವಾಡಿ ಇರುವ ಜಿಲ್ಲೆಯಲ್ಲಿ ಈಗ ವಚನವನ್ನೂ ಯಂತ್ರದಿಂದ ಬರೆಸುತ್ತಾರೆ. ಸಕ್ಕರೆ ಕಾಯಿಲೆ ಬಗ್ಗೆ ಒಂದು ವಚನ ಕೊಡು ಎಂದರೆ ಕೊಡುತ್ತದೆ, ಸಹಕಾರಿ ಬ್ಯಾಂಕಿನ ಸುಸ್ತಿ ಸಾಲದ ಬಗ್ಗೆ ಕೇಳಿದರೂ ಕೊಟ್ಟೀತು. ಕೊನೆಯಲ್ಲಿ ‘ಕೂಡಲಸಂಗಮದೇವಾ’ ಎಂದು ಅಂಕಿತವನ್ನೂ ಅಂಟಿಸುತ್ತದೆ. ಮುಂಜಾನೆ ಎಂಟರೊಳಗೆ ಅದು ಗುಲಾಬಿ ಹೂವಿನ ಚಿತ್ರದ ಮೇಲೆ ಕುಳಿತು ಬೀಗರ ವಾಟ್ಸಾಪ್ ಗುಂಪಿಗೆ ಬರುತ್ತದೆ. ಎಲ್ಲರೂ ಕೈ ಮುಗಿಯುತ್ತಾರೆ.

ಇದೇ ಜಿಲ್ಲೆಯಲ್ಲಿ ಫ.ಗು. ಹಳಕಟ್ಟಿ ಎಂಬ ವಕೀಲರಿದ್ದರು. ಕಂಡವರ ಮನೆಯ ಜಗಲಿಯಿಂದ ತಾಡವೋಲೆಗಳನ್ನು ಇಳಿಸಿ, ಧೂಳು ಕೊಡವಿ, ಪ್ರತಿ ಮಾಡಿ, ಒಂದರ ಪಕ್ಕ ಒಂದಿಟ್ಟು ಹೋಲಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆ ಮಾರಿದರು. ಅವರ ನಂತರ ಸಿಂದಗಿ ಸೀಮೆಯವರೇ ಆದ ಎಂ.ಎಂ. ಕಲಬುರ್ಗಿಯವರು ಯಾವ ವಚನ ಯಾರದು, ಯಾವುದು ಆಮೇಲೆ ಯಾರೋ ತುರುಕಿದ್ದು ಎಂಬ ವಿಚಾರಣೆಯಲ್ಲಿ ಆಯುಷ್ಯ ಸವೆಸಿದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಅವರಿಗೆ ಗುಂಡು ಹೊಡೆದರು. ವಿಚಾರ ಮಾಡುವುದಕ್ಕೆ ಒಂದು ಕಾಲಕ್ಕೆ ಅಷ್ಟು ಕಿಮ್ಮತ್ತಿತ್ತು. ಈಗ ಅದು ರೀಚಾರ್ಜಿನ ಜೊತೆ ಬರುತ್ತದೆ.

ಅಂಕಿತವೆಂದರೆ ನಮ್ಮಲ್ಲಿ ಸಣ್ಣ ಮಾತಾಗಿರಲಿಲ್ಲ. ಮಾತೆ ಮಹಾದೇವಿಯವರು ‘ವಚನ ದೀಪ್ತಿ’ಯಲ್ಲಿ ಬಸವಣ್ಣನ ‘ಕೂಡಲಸಂಗಮದೇವ’ ಎಂಬುದನ್ನು ‘ಲಿಂಗದೇವ’ ಎಂದು ತಿದ್ದಿದರು. 1998ರಲ್ಲಿ ರಾಜ್ಯ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ವ್ಯಾಜ್ಯ ದಿಲ್ಲಿಯವರೆಗೆ ಹೋಗಿ 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಒಂದು ಪದ ತಿದ್ದಿದ್ದಕ್ಕೆ 19 ವರ್ಷದ ಖಟ್ಲೆ! ಆ ನಿಷೇಧ ಸರಿಯೋ ತಪ್ಪೋ ಎಂದು ಬೇಕಾದರೆ ಇವತ್ತಿಗೂ ಜಗಳಾಡಬಹುದು. ಆದರೆ ಜಗಳಕ್ಕೆ ಎದುರಿಗೆ ಒಬ್ಬ ವ್ಯಕ್ತಿ ಇದ್ದರು, ನಾನು ತಿದ್ದಿದ್ದು ಹೌದು, ಈ ಕಾರಣಕ್ಕೆ ತಿದ್ದಿದೆ ಎಂದು ಹೇಳಿ ನಿಂತಿದ್ದರು. ಈಗ ಅಂಕಿತ ಸರಿಯಾಗಿಯೇ ಇರುತ್ತದೆ, ಅದರ ಮೇಲಿನದೆಲ್ಲ ಸುಳ್ಳು. ಮುಟ್ಟುಗೋಲು ಹಾಕುವುದಾದರೂ ಯಾವುದನ್ನು? ಬೀಗರ ಮೊಬೈಲನ್ನೇ?

ಹಳಕಟ್ಟಿಯವರ ಇನ್ನೊಂದು ಕಸುಬಿಗೂ ಇದೇ ಗತಿ ಬಂದಿದೆ. 2024ರ ಡಿಸೆಂಬರ್ ಕೊನೆಗೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದು ಟ್ರಸ್ಟಿನ ಪ್ರಕರಣದಲ್ಲಿ ಆದೇಶ ಹೊರಡಿಸಿತು. ಅದರಲ್ಲಿ ಆಧಾರವಾಗಿ ಕೊಟ್ಟಿದ್ದ ತೀರ್ಪುಗಳನ್ನು ಹುಡುಕಿದರೆ ಕೆಲವು ಯಾವ ನ್ಯಾಯಾಲಯದಲ್ಲೂ ಹುಟ್ಟಿಯೇ ಇರಲಿಲ್ಲ. ಪೀಠ ಆದೇಶವನ್ನು ವಾಪಸು ಪಡೆಯಿತು. 2025ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಬೆಂಗಳೂರಿನದೇ ಒಂದು ಸಿವಿಲ್ ನ್ಯಾಯಾಲಯದ ಆದೇಶ ಬಂತು. ಅದರಲ್ಲಿಯೂ ಸುಪ್ರೀಂ ಕೋರ್ಟು ಎಂದೂ ಕೊಡದ ತೀರ್ಪುಗಳು. ಆ ತೀರ್ಪುಗಳನ್ನು ವಕೀಲರು ಮುಂದಿಟ್ಟಿರಲೂ ಇಲ್ಲ. ಹೈಕೋರ್ಟು ವಿಚಾರಣೆಗೆ ಸೂಚಿಸಿತು. ಎರಡೂ ಕಡೆ ಜನರ ಅನುಮಾನ ಹೋದದ್ದು ಯಂತ್ರದ ಮೇಲೆಯೇ. ನ್ಯೂಯಾರ್ಕಿನಲ್ಲಿ ಅನುಮಾನಕ್ಕೂ ಜಾಗವಿರಲಿಲ್ಲ. 2023ರಲ್ಲಿ ಅಲ್ಲಿನ ವಕೀಲರು ಚಾಟ್‌ಜಿಪಿಟಿ ಹೆತ್ತ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5000 ಡಾಲರ್ ದಂಡ ತೆತ್ತರು.

ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ನಮಗೆ ಹೊಸದಲ್ಲ. ಆದರೆ ಹಿಂದಿನ ಸುಳ್ಳು ಸಾಕ್ಷಿಯವನು ಇಸ್ತ್ರಿ ಅಂಗಿ ಹಾಕಿಕೊಂಡು ಕಟಕಟೆ ಹತ್ತಬೇಕಿತ್ತು, ಪಾಟೀಸವಾಲಿಗೆ ಬೆವರಬೇಕಿತ್ತು, ಬಸ್ ಚಾರ್ಜು ಮತ್ತು ಊಟ ಕೇಳುತ್ತಿದ್ದ. ಈಗಿನದಕ್ಕೆ ಬೆವರೂ ಇಲ್ಲ, ಊಟವೂ ಬೇಡ.

ಇಷ್ಟು ಬೈದ ಮೇಲೆ ಅದರ ಉಪಕಾರ ಹೇಳದಿದ್ದರೆ ಪಾಪ ಬಂದೀತು. ಬೆಳೆ ವಿಮೆ ಕಂಪನಿಯ ಇಂಗ್ಲಿಷ್ ಪತ್ರವನ್ನು ಹಿಡಿದು ಯಾರಾದರೂ ಓದಿ ಹೇಳುತ್ತಾರೇನೋ ಎಂದು ತಾಲೂಕು ಕಚೇರಿಯ ಮುಂದೆ ನಿಂತಿರುತ್ತಿದ್ದ ರೈತನಿಗೆ ಈಗ ಮಗಳು ಫೋಟೊ ಹೊಡೆದು ಐದು ನಿಮಿಷದಲ್ಲಿ ಕನ್ನಡದಲ್ಲಿ ಹೇಳುತ್ತಾಳೆ. ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡಲು ಇನ್ನೂರು ರೂಪಾಯಿ ಕೇಳುತ್ತಿದ್ದವನ ಧಿಮಾಕು ಇಳಿದಿದೆ. ತೊಗರಿ ಹೊಲದ ದಂಡೆಯಲ್ಲಿ ಇಂಥದೊಂದು ಮಾತುಕತೆಯೂ ನಡೆಯುತ್ತದೆ:

“ಏನಂತೈತಿ ಅದು?”

“ನೆಟೆ ರೋಗ ಇರಬಹುದು, ಗೊಡ್ಡು ರೋಗ ಇರಬಹುದು, ನೀರ ನಿಂತಿರಬಹುದು ಅಂತೈತಿ ಕಾಕಾ.”

“ಇಷ್ಟ ನನಗೂ ಗೊತ್ತಿತ್ತು. ಗಿಡಾ ಕಿತ್ತು ಕಾಂಡ ಸೀಳಿ ನೋಡಲೇ.”

“ಒಳಗ ಕಂದು ಗೆರಿ ಕಾಣತಾವ.”

“ಹಾಂ, ಈಗ ಕೇಳು.”

ಈಗ ಯಂತ್ರ ಸರಿ ಹೇಳುತ್ತದೆ. ಇದು ಮಣ್ಣಿನಲ್ಲಿರುವ ಶಿಲೀಂಧ್ರದ ನೆಟೆ ರೋಗ, ಎಲೆ ಮೇಲೆ ಔಷಧ ಹೊಡೆದು ರೊಕ್ಕ ಕಳೆಯಬೇಡ, ಮುಂದಿನ ಸಲ ರೋಗ ತಡೆಯುವ ತಳಿ ಬಿತ್ತು ಎನ್ನುತ್ತದೆ. ಕಾಕಾನ ಅರ್ಧ ವಿದ್ಯೆಗೆ ಇನ್ನರ್ಧ ಕೂಡಿತು. ಆದರೆ ಗಿಡ ಸೀಳಬೇಕೆಂದು ತಿಳಿಯದ ಹುಡುಗ ಒಬ್ಬನೇ ಇದ್ದಿದ್ದರೆ ಮೂರು ಅನುಮಾನಕ್ಕೂ ಮೂರು ಡಬ್ಬಿ ಔಷಧ ಮನೆಗೆ ಬರುತ್ತಿತ್ತು. ಗೊತ್ತಿದ್ದವನಿಗೆ ಇನ್ನಷ್ಟು ಕೊಡುವುದು, ಗೊತ್ತಿಲ್ಲದವನಿಗೆ ಗೊತ್ತಿದೆ ಎಂಬ ಧೈರ್ಯ ಕೊಡುವುದು ಇದರ ಸ್ವಭಾವ. ಬ್ಯಾಂಕುಗಳೂ ಸಾಲವನ್ನು ಹೀಗೇ ಕೊಡುತ್ತವೆ.

ಅಮೆರಿಕದ ಎಂಐಟಿಯವರು 54 ಜನರಿಗೆ ಮಿದುಳಿನ ತರಂಗ ಅಳೆಯುವ ಟೊಪ್ಪಿಗೆ ತೊಡಿಸಿ ನಿಬಂಧ ಬರೆಸಿದರು. ಕೆಲವರಿಗೆ ಚಾಟ್‌ಜಿಪಿಟಿ, ಕೆಲವರಿಗೆ ಗೂಗಲ್ ಹುಡುಕಾಟ, ಉಳಿದವರಿಗೆ ಬರೀ ತಲೆ. 2025ರ ಜೂನ್‌ನಲ್ಲಿ ಫಲಿತಾಂಶ ಹೊರಬಿತ್ತು. ಚಾಟ್‌ಜಿಪಿಟಿ ಗುಂಪಿನಲ್ಲಿ ನೂರಕ್ಕೆ 83 ಜನರಿಗೆ ಈಗಷ್ಟೇ ತಾವು ಬರೆದ ನಿಬಂಧದ ಒಂದು ಸಾಲನ್ನೂ ಸರಿಯಾಗಿ ಹೇಳಲಾಗಲಿಲ್ಲವಂತೆ. ಸಣ್ಣ ಅಧ್ಯಯನ, ಆದರೂ ಜಗತ್ತು ಬೆಚ್ಚಿಬಿತ್ತು. ನಮ್ಮ ಕಡೆಯ ಮಾಸ್ತರುಗಳು ಬೆಚ್ಚಲಿಲ್ಲ. ಎಸ್ಸೆಸ್ಸೆಲ್ಸಿ ಗೈಡಿನ ನಿಬಂಧ ಬಾಯಿಪಾಠ ಮಾಡಿಸಿ, ಪರೀಕ್ಷೆ ಮುಗಿದ ಸಂಜೆಯೇ ಮಕ್ಕಳ ತಲೆ ಖಾಲಿಯಾಗುವಂತೆ ನೋಡಿಕೊಂಡವರು ಅವರು. ಟೊಪ್ಪಿಗೆಯಿಲ್ಲದೆ, ಕರೆಂಟಿಲ್ಲದೆ ಈ ಸಾಧನೆ ಮಾಡಿ ನಮಗೆ ಮೂರು ತಲೆಮಾರಾಯಿತು.

ಹೊಗಳಿಕೆಯಲ್ಲೂ ನಾವೇ ಮುಂದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಚಾಟ್‌ಜಿಪಿಟಿಯನ್ನು ತಿದ್ದಿದಾಗ ಅದು ಕೇಳಿದವರು ಏನಂದರೂ ಭಲೇ ಭಲೇ ಎನ್ನತೊಡಗಿತು. ಬಳಸುವವರಿಗೇ ಓಕರಿಕೆ ಬಂದು ಕೆಲವೇ ದಿನಗಳಲ್ಲಿ ಕಂಪನಿ ಆ ತಿದ್ದುಪಡಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ನಾಯಕರ ಸುತ್ತಲಿನ ‘ಹೌದ್ರೀ ಸಾಹೇಬ್ರ’ಗಳನ್ನು ಹಿಂದಕ್ಕೆ ತೆಗೆದುಕೊಳ್ಳುವ ತಂತ್ರಜ್ಞಾನ ಇನ್ನೂ ಯಾವ ದೇಶದಲ್ಲೂ ಸಿದ್ಧವಾಗಿಲ್ಲ.

ತಪ್ಪಿಗೆ ಉತ್ತರ ಕೊಡುವವರು ಯಾರು ಎಂಬುದು ಕೇಳುವವನ ಕುರ್ಚಿಯ ಮೇಲೆ ನಿಂತಿದೆ. 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದರು. ಮೆಟಾ ಕಂಪನಿಯ ಯಂತ್ರ ಆ ಸುದ್ದಿಯನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಯನ್ನೇ ಸಾಯಿಸಿಬಿಟ್ಟಿತು. ಅವರ ಕಚೇರಿಯಿಂದ ಪತ್ರ ಹೋಯಿತು, ಕಂಪನಿ ಕ್ಷಮೆ ಕೇಳಿತು. ನಮ್ಮ ಕಡೆ ಪಿಂಚಣಿಯ ಕಂಪ್ಯೂಟರಿನಲ್ಲಿ ಸತ್ತ ಮುದುಕ ಆಧಾರ್ ಕಾರ್ಡು, ಇಬ್ಬರು ಪಂಚರು ಮತ್ತು ತನ್ನ ಉಸಿರನ್ನು ತೆಗೆದುಕೊಂಡು ಹೋಗಿ ಬದುಕಿದ್ದೇನೆಂದು ಅರ್ಜಿ ಹಾಕಬೇಕು. ಕ್ಷಮೆ ಅವನೇ ಕೇಳಿದರೂ ಆಶ್ಚರ್ಯವಿಲ್ಲ.

ಯಂತ್ರಕ್ಕೆ ಒಡೆಯನಿಲ್ಲದ ಮಾತು ಆಡುವುದು ಗೊತ್ತು. ನಮಗೆ ಬೇಕಾದದ್ದೂ ಅದೇ. 2025ರ ನವೆಂಬರಿನಲ್ಲಿ ಕಬ್ಬಿನ ರೈತರು ಟನ್ನಿಗೆ 3500 ಕೇಳಿ ರಸ್ತೆಗೆ ಕೂತು 3300ಕ್ಕೆ ಎದ್ದರು. ಯಾರ ಪಾಲು ಸರಿ ಎಂದು ಯಂತ್ರಕ್ಕೆ ಕೇಳಿದರೆ ‘ರೈತರ ದೃಷ್ಟಿಯಲ್ಲಿ ಹೀಗೆ, ಕಾರ್ಖಾನೆಯ ದೃಷ್ಟಿಯಲ್ಲಿ ಹೀಗೆ, ಸಮತೋಲಿತ ಪರಿಹಾರ ಬೇಕು’ ಎನ್ನುತ್ತದೆ. ಕಾರ್ಖಾನೆಯ ತೂಕದ ಕಟ್ಟೆ ಏರುವ ಕಬ್ಬು ಅದರದಲ್ಲವಲ್ಲ. ಇಂಥ ಉತ್ತರ ಕೊಡಲು ನಮ್ಮಲ್ಲಿ ಜನಪ್ರತಿನಿಧಿಗಳಿದ್ದಾರೆ, ಅವರಿಗೆ ಸಂಬಳವನ್ನೂ ಕೊಡುತ್ತೇವೆ.

ಆದ್ದರಿಂದಲೇ ಮೊನ್ನೆ ಚಾದಂಗಡಿಯಲ್ಲಿ ಒಂದು ಸೂಚನೆ ಬಂತು. 2021ರಿಂದ ಮುಂದಕ್ಕೆ ಹೋಗುತ್ತಿರುವ ಜಿಲ್ಲಾ ಪಂಚಾಯತಿ ಚುನಾವಣೆ ಎಂದಾದರೂ ನಡೆದರೆ ಇಬ್ಬರೂ ಹುರಿಯಾಳುಗಳ ಪ್ರಣಾಳಿಕೆ ಒಂದೇ ಯಂತ್ರದಿಂದ ಬರುವುದು ಖಾತ್ರಿ. ಹಾಗಿದ್ದ ಮೇಲೆ ನಡುವೆ ಇವರ್ಯಾಕೆ, ಯಂತ್ರವನ್ನೇ ನಿಲ್ಲಿಸೋಣ.

“ರೊಕ್ಕಾ ತಿನ್ನಂಗಿಲ್ಲ,” ಎಂದ ಒಬ್ಬ.

“ಮಗನಿಗೆ ಟಿಕೆಟ್ ಕೇಳಂಗಿಲ್ಲ.”

“ನಡುರಾತ್ರಿ ಕೇಳಿದ್ರೂ ಉತ್ತರಾ ಕೊಡತೈತಿ. ಫೋನ್ ಸ್ವಿಚ್ ಆಫ್ ಮಾಡಂಗಿಲ್ಲ.”

ಎಲ್ಲರಿಗೂ ಒಪ್ಪಿಗೆಯಾಯಿತು. ಆಗ ಮೂಲೆಯಲ್ಲಿ ಬಸಿಯಲ್ಲಿ ಚಹಾ ಆರಿಸುತ್ತ ಕೂತಿದ್ದ ಹಿರಿಯರೊಬ್ಬರು ಮೀಸೆ ಒರೆಸಿಕೊಂಡು ಕೇಳಿದರು: “ಅದೆಲ್ಲಾ ಖರೆ ಬಿಡ್ರೀ. ಅದು ಯಾರ ಪೈಕಿ?”

ಒಮ್ಮೆಲೇ ಎಲ್ಲರೂ ಮಾತಾಡತೊಡಗಿದರು. ಬಸವ ಜಯಂತಿಗೆ ಯಂತ್ರದ ಭಾಷಣ ಓದಿದ್ದ ಒಬ್ಬ ಹುಡುಗನದೇ ಎಲ್ಲರಿಗಿಂತ ದೊಡ್ಡ ದನಿ. ಯಾವ ಓಣಿಯಲ್ಲಿ ಯಾರ ಓಟು ಎಷ್ಟು, ಯಾರು ಯಾರಿಗೆ ಹಾಕುವುದಿಲ್ಲ ಎಂಬ ಲೆಕ್ಕ ಹತ್ತೇ ನಿಮಿಷದಲ್ಲಿ ಮುಗಿಯಿತು. ಮೊಬೈಲು ತೆಗೆಯುವ ಪ್ರಸಂಗ ಯಾರಿಗೂ ಬರಲಿಲ್ಲ.