ಕಾರಿನ ಬೆನ್ನು ಹತ್ತುವ ಮಳೆ: ಒಂದು ಶಾಸ್ತ್ರೀಯ ವಿಚಾರಣೆ

ಒಣ ಬಯಲಿಗೆ ಮಳೆ ಬರಿಸುವುದು ಹೇಗೆಂದು ಅಮೆರಿಕದ ಪಂಡಿತರು 1881ರಲ್ಲೇ ಕಂಡುಕೊಂಡಿದ್ದರು. ನೇಗಿಲು ಹೋದ ಕಡೆಗೆಲ್ಲ ಮಳೆಯೂ ಹಿಂದೆಯೇ ಹೋಗುತ್ತದೆ ಎಂದು ಚಾರ್ಲ್ಸ್ ಡಾನಾ ವಿಲ್ಬರ್ ಪುಸ್ತಕವನ್ನೇ ಬರೆದರು. ಆ ಮಾತು ನಂಬಿ ಬಯಲಿಗೆ ಬಂದು ನೆಲೆಸಿದ ಅದೆಷ್ಟೋ ಒಕ್ಕಲುಗಳನ್ನು 1890ರ ದಶಕದ ಬರ ಎಬ್ಬಿಸಿ ಓಡಿಸಿತು. ಸಿದ್ಧಾಂತ ಸರಿಯಾಗಿಯೇ ಇತ್ತು, ವಾಹನ ತಪ್ಪಿತ್ತು. ಮಳೆ ಬೆನ್ನು ಹತ್ತುವುದು ರಜೆಗೆ ಹೊರಟ ಸಂಸಾರದ ಕಾರನ್ನು ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಪ್ರಯೋಗಶಾಲೆ ದಕ್ಷಿಣ ಡಕೋಟದ ಐ-90 ಹೆದ್ದಾರಿ. ಸೂ ಫಾಲ್ಸ್‌ನಿಂದ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ 400 ಕಿ.ಮೀ.ಗೂ ಮಿಕ್ಕಿದ ದಾರಿ. ಎರಡೂ ಕಡೆ ಹುಲ್ಲು, ಮೇಲೆ ಆಕಾಶ, ನಡುವೆ ವೈಪರ್.

ಪೂರ್ವಪಕ್ಷವನ್ನು ಭೂವಿಜ್ಞಾನಿ ಜಾನ್ ವೆಸ್ಲಿ ಪವೆಲ್ 1878ರಲ್ಲೇ ಮಂಡಿಸಿದ್ದಾರೆ: ಸುಮಾರು 100ನೇ ರೇಖಾಂಶದಿಂದ ಪಶ್ಚಿಮಕ್ಕೆ ವರ್ಷಕ್ಕೆ 20 ಇಂಚು ಮಳೆಯೂ ಇಲ್ಲ, ನೀರಾವರಿಯಿಲ್ಲದೆ ಬೇಸಾಯ ನಡೆಯದು. ಆ ರೇಖೆ ಹಾಯುವುದು ಇದೇ ಹೆದ್ದಾರಿಯ ಪ್ರೆಶೋ ಊರಿನ ಬಳಿ. ಹಾಗಾದರೆ ಕಾರಿನ ಮೇಲೆ ಸುರಿಯುವುದೇನು? ಉತ್ತರ ಸುಲಭ. ಬರುವ ಅಲ್ಪಸ್ವಲ್ಪ ಮಳೆಯಲ್ಲಿ ದೊಡ್ಡ ಪಾಲು ಮೇ, ಜೂನ್‌ಗಳದ್ದು. ಮಕ್ಕಳಿಗೆ ಶಾಲೆ ಮುಗಿಯುವುದೂ ಆಗಲೇ. ಇದನ್ನು ಕಾಕತಾಳೀಯ ಎನ್ನುವವರಿಗೆ ತರ್ಕಶಾಸ್ತ್ರದ ಗಂಧವಿಲ್ಲ. ಮೇಲಾಗಿ ಮರ್ಡೋ ಊರು ದಾಟಿದ ಮೇಲೆ ಕಾಲವಲಯ ಬದಲಾಗುವುದರಿಂದ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ನೆನೆಯಲು ಸರ್ಕಾರವೇ ಕೊಡುವ ಹೆಚ್ಚುವರಿ ಅವಧಿಯಿದು.

ಇನ್ನು ಶಬ್ದಪ್ರಮಾಣ. ಇದೇ ದಾರಿಯ ವಾಲ್ ಎಂಬ ಪುಟ್ಟ ಊರಿನಲ್ಲಿ 1931ರಲ್ಲಿ ಔಷಧಿ ಅಂಗಡಿ ಕೊಂಡ ಟೆಡ್ ಹಸ್ಟೆಡ್ ವರ್ಷಗಟ್ಟಲೆ ನೊಣ ಹೊಡೆಯುತ್ತಿದ್ದರು. 1936ರ ಬೇಸಿಗೆಯಲ್ಲಿ ಹೆಂಡತಿ ಡೊರೊತಿಗೆ ಒಂದು ಉಪಾಯ ಹೊಳೆಯಿತು: ಬಾಯಾರಿದ ಪ್ರಯಾಣಿಕರಿಗೆ ಐಸ್ ನೀರು ಪುಕ್ಕಟೆ ಎಂದು ರಸ್ತೆ ಬದಿ ಫಲಕ ನೆಡುವುದು. ಫಲಕ ನೆಟ್ಟು ಹಿಂತಿರುಗುವಷ್ಟರಲ್ಲಿ ಅಂಗಡಿಗೆ ಗಿರಾಕಿಗಳು ಬರತೊಡಗಿದ್ದರು. ಇಂದಿಗೂ ನೂರಾರು ಕಿ.ಮೀ. ಉದ್ದಕ್ಕೂ ಆ ಫಲಕಗಳು ಸಾಲುಗಟ್ಟಿವೆ, ಐದು ಸೆಂಟಿನ ಕಾಫಿಯ ಭರವಸೆಯೂ ಸೇರಿ. ಜಡಿಮಳೆಯಲ್ಲಿ ಕಿಟಕಿಯಾಚೆ ಮತ್ತೆ ಮತ್ತೆ ತಣ್ಣೀರಿನ ಆಹ್ವಾನ ಓದುತ್ತ ಸಾಗುವ ಸಂಸಾರದ ಸಹನೆಯ ಬಗ್ಗೆ ಪ್ರತ್ಯೇಕ ಸಂಪುಟವೇ ಬೇಕಾದೀತು.

ಉದ್ಯಾನ ತಲುಪಿದ ಮೇಲೆ ಪ್ರತ್ಯಕ್ಷಪ್ರಮಾಣ ಅಂಗಾಲಿಗೇ ಅಂಟುತ್ತದೆ. ಇಲ್ಲಿನ ಪದರಗಳಲ್ಲಿ ಪುರಾತನ ಜ್ವಾಲಾಮುಖಿಗಳ ಬೂದಿ ಸೇರಿದೆ. ಅದರಿಂದಾದ ಬೆಂಟೊನೈಟ್ ಜೇಡಿ ನೀರು ಕುಡಿದು ಉಬ್ಬುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಬೂಟು ಎರಡರಷ್ಟು ತೂಕ, ಐದನೆಯದಕ್ಕೆ ಮನುಷ್ಯ ನೆಲದ ಮೇಲೆ. ಆದರೆ ಬಿದ್ದಲ್ಲಿಂದಲೇ ತಲೆ ಎತ್ತಿ ನೋಡಿದವರಿಗೆ ಲಾಭವಿದೆ. ಒಣಗಿದಾಗ ಮಂಕಾಗಿದ್ದ ಕೆಂಪು, ಹಳದಿ ಪಟ್ಟಿಗಳು ನೆನೆದು ಗಾಢವಾಗಿರುತ್ತವೆ. ಆ ಪಟ್ಟಿಗಳಲ್ಲಿ ಹಲವು ಕೋಟ್ಯಂತರ ವರ್ಷ ಹಿಂದಿನ ಮಣ್ಣು.

ಮಳೆ ಪ್ರವಾಸ ಕೆಡಿಸಿತೆಂದು ಗೊಣಗುವವರು ಪ್ರವೇಶಶುಲ್ಕ ಯಾರಿಗೆ ಸಲ್ಲಬೇಕೆಂದು ಯೋಚಿಸಲಿ. ಸುಮಾರು ಐದು ಲಕ್ಷ ವರ್ಷಗಳಿಂದ ಈ ಕಣಿವೆ, ಕೋಡುಗಳನ್ನು ಕೆತ್ತಿದ್ದು ಮಳೆ ಮತ್ತು ಹೊಳೆ. 1978ರಲ್ಲಿ ಸರ್ಕಾರ ರಾಷ್ಟ್ರೀಯ ಉದ್ಯಾನವೆಂಬ ಹೆಸರು ಕೊಟ್ಟಿತು, ಅಷ್ಟೇ. ಕೆತ್ತನೆ ಇನ್ನೂ ನಿಂತಿಲ್ಲ. ವರ್ಷಕ್ಕೆ ಸುಮಾರು ಒಂದು ಇಂಚು ಸವೆಯುತ್ತಿದ್ದು, ಇನ್ನೈದು ಲಕ್ಷ ವರ್ಷದಲ್ಲಿ ಎಲ್ಲ ನೆಲಸಮವಾಗಲಿದೆ. ನೋಡಬೇಕೆನ್ನುವವರು ತಡಮಾಡದೆ ರಜೆ ಹಾಕಿ.